ಚಿತ್ರ ಬಾರದವರನ್ನು ಸೇರಿಸಿಕೊಂಡರೆ ಗೋಡೆಚಿತ್ರ ಕೆಡುತ್ತದೆಯೇ?

ಯಾದಗಿರಿಯಲ್ಲಿ ನಿಮ್ಮ ಓಣಿಯ ಶಾಲೆಯ ಕಾಂಪೌಂಡ್ ಗೋಡೆಗೆ ಎಲ್ಲರೂ ಸೇರಿ ಚಿತ್ರ ಬರೆಯಬೇಕೆಂದಿದ್ದೀರಿ; ಕುಂಚ ಹಿಡಿದು ಗೊತ್ತಿಲ್ಲದವರು ಕೈಹಾಕಿದರೆ ಕೆಟ್ಟೀತೇ ಎಂದು ಕೇಳಿದ್ದೀರಿ. ಕೆಡುವುದಿಲ್ಲ. ಬೀದರಿನಲ್ಲಿ ಚಿತ್ರಕಲಾ ಶಿಕ್ಷಕನಾಗಿರುವ ನಾನು ನಮ್ಮ ಓಣಿಯವರೊಂದಿಗೆ 40 ಅಡಿ ಉದ್ದ, 8 ಅಡಿ ಎತ್ತರದ ಗೋಡೆಗೆ ಚಿತ್ರ ಬರೆದಿದ್ದೇನೆ. ಅಲ್ಲಿ ಕೆಟ್ಟದ್ದು ಜನರ ಕೈಯಿಂದಲ್ಲ, ನನ್ನ ಅವಸರದಿಂದ.

ಮೊದಲು ನಾನೊಬ್ಬನೇ ಕೂತು ಕೋಟೆಯನ್ನೂ 1472ರ ಮಹಮೂದ್ ಗವಾನ್ ಮದರಸಾದ ಮಿನಾರನ್ನೂ ಬರೆದು ತೋರಿಸಿದ್ದೆ. ಕೊಡ ಇಳಿಸಿ ನೋಡಿದ ಹಿರಿಯ ತಾಯಿಯೊಬ್ಬರು, “ಇವು ದಿನಾ ನೋಡ್ತೀವ್ರಿ ಸರ್, ನಮ್ಮ ಓಣ್ಯಾಗ ಏನದ ಅದು ಬರೀರಿ” ಎಂದರು. ಓಣಿಯಲ್ಲಿದ್ದದ್ದು ಬಿದ್ರಿ ಕೆಲಸ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕಲೆ. ಅಲ್ಲಿನ ಹಿರಿಯ ಕುಶಲಕರ್ಮಿಯೊಬ್ಬರು ಸತು-ತಾಮ್ರದ ಹೂಜಿಯನ್ನು ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರು ಸವರಿ ಕಪ್ಪಾಗಿಸಿ, ಅದರ ಮೇಲೆ ಉಕ್ಕಿನ ಮೊನೆಯಿಂದ ಬಳ್ಳಿಯೊಂದನ್ನು ಗೀಚಿದರು; ಕಪ್ಪಿನ ಮೇಲೆ ಗೆರೆ ಬೆಳ್ಳಗೆ ಎದ್ದು ಕಂಡಿತು. ಎರಕ ಒಬ್ಬರದು, ಕೆತ್ತನೆ ಇನ್ನೊಬ್ಬರದು, ಬೆಳ್ಳಿ ತಂತಿ ಕೂರಿಸುವುದು ಮತ್ತೊಬ್ಬರದು. ಆದರೂ ಹೂಜಿ ಒಂದೇ. ಗೋಡೆಗೂ ಕಪ್ಪು ಹಿನ್ನೆಲೆಯ ಮೇಲೆ ಅಂಥದೇ ಬಳ್ಳಿ ಬರೆಯುವುದೆಂದು ಒಪ್ಪಿ, ಕೆಲಸವನ್ನೂ ಹಾಗೆಯೇ ಹಂಚಿಕೊಂಡೆವು.

ಕಾಗದದ ನಕ್ಷೆಯಲ್ಲಿ ಚೌಕ ಹಾಕಿ, ಸುಣ್ಣದ ಪುಡಿ ಹಚ್ಚಿದ ದಾರವನ್ನು ಎಳೆದು ಬಿಟ್ಟು ಗೋಡೆಯ ಮೇಲೂ ಒಂದೊಂದು ಅಡಿಯ ಚೌಕ ಮೂಡಿಸಿ, ಬರೆಯಬಲ್ಲ ಮೂವರು ಗೆರೆ ಎಳೆದೆವು. ಪ್ರತಿ ಎಲೆ, ಪ್ರತಿ ಹೂವಿನೊಳಗೆ ಸೀಮೆಸುಣ್ಣದಲ್ಲಿ ಅಂಕಿ ಬರೆದು, ಅದೇ ಅಂಕಿಯನ್ನು ಬಣ್ಣದ ಮಗ್ಗಿಗೂ ಅಂಟಿಸಿದೆವು. ಆಮೇಲೆ ಯಾರು ಬೇಕಾದರೂ ತುಂಬಬಹುದು. ಮಕ್ಕಳಿಗೆ ಕೈಗೆಟಕುವ ಭಾಗ, ಏಣಿ ಹತ್ತುವುದು ದೊಡ್ಡವರಿಗೆ ಮಾತ್ರ. ಬಣ್ಣ ಗೆರೆ ದಾಟಿದರೆ ಚಿಂತಿಸಬೇಡಿ. ಎಲ್ಲ ಒಣಗಿದ ಮೇಲೆ ಪಳಗಿದ ಕೈಯವರು ಅಂಚಿನ ಗೆರೆಯನ್ನು ಮತ್ತೊಮ್ಮೆ ಎಳೆದರೆ ಚಿತ್ರ ಬಿಗಿಯಾಗುತ್ತದೆ. ನಮ್ಮ ಗೋಡೆ ಉತ್ತರಕ್ಕೆ ಮುಖ ಮಾಡಿದ್ದು, ಬಿಸಿಲು ಕಡಿಮೆಯಿದ್ದುದರಿಂದ ಕಪ್ಪು ಹಿನ್ನೆಲೆ ಒಪ್ಪಿತು. ದಿನವಿಡೀ ಬಿಸಿಲು ಬೀಳುವ ಗೋಡೆಗೆ ಅದನ್ನು ನಾನು ಹೇಳುವುದಿಲ್ಲ.

ನನ್ನ ತಪ್ಪು ಗೋಡೆಯ ತೇವವನ್ನು ಕಡೆಗಣಿಸಿದ್ದು. ಬೀದರಿನ ಜಂಬಿಟ್ಟಿಗೆ ಕಲ್ಲು ನೀರು ಹೀರುತ್ತದೆ, ಪಕ್ಕದಲ್ಲಿಯೇ ಚರಂಡಿಯೂ ಇತ್ತು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಬುಡದ ಒಂದೂವರೆ ಅಡಿಯಲ್ಲಿ ಬಿಳಿ ಉಪ್ಪು ಉಕ್ಕಿ, ಮಕ್ಕಳು ತುಂಬಿದ ಹೂವುಗಳೆಲ್ಲ ಹಪ್ಪಳದಂತೆ ಎದ್ದು ಉದುರಿದವು. ಅವರ ಮುಖ ನೋಡಲಾಗಲಿಲ್ಲ. ಆದ್ದರಿಂದ ನೀವು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ; ಒಳಗೆ ಹನಿ ಕಂಡರೆ ಮೊದಲು ನೀರಿನ ದಾರಿ ಮುಚ್ಚಿಸಿ. ಗೋಡೆಗೆ ಹೊಸದಾಗಿ ಪ್ಲಾಸ್ಟರ್ ಮಾಡಿದ್ದರೆ ನಾಲ್ಕು ವಾರ ಕಾಯಬೇಕು, ಏಕೆಂದರೆ ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ. ಬಳಿಕ ತಳಬಣ್ಣವಾಗಿ ಪ್ರೈಮರ್, ಅದರ ಮೇಲೆ ಹೊರಗೋಡೆಗೆಂದೇ ಇರುವ ಎಮಲ್ಷನ್ ಬಣ್ಣ. ಶಾಲೆಯ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ.

ನಮ್ಮ ಬಿದ್ರಿ ಬಳ್ಳಿಯನ್ನು ನೀವು ನಕಲು ಮಾಡಬೇಕಿಲ್ಲ. ನಿಮ್ಮ ಜಿಲ್ಲೆಯ ಸುರಪುರಕ್ಕೆ ತನ್ನದೇ ಚಿತ್ರ ಪರಂಪರೆಯಿದೆ. ಅದಕ್ಕೂ ಮೊದಲು, ಓಣಿಯ ಕಟ್ಟೆಯ ಮೇಲೆ ಎರಡು ಸಂಜೆ ಕೂತು, ಗೋಡೆಯ ಮೇಲೆ ಏನು ಕಾಣಬೇಕೆಂದು ಅಲ್ಲಿನವರನ್ನೇ ಕೇಳಿ. ಕೆಲಸ ಮುಗಿದಾಗ ಪ್ರತಿ ಅಂಕಿಯ ಬಣ್ಣವನ್ನೂ ಸ್ವಲ್ಪ ಉಳಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಶಾಲೆಯಲ್ಲಿಯೇ ಇಡಿ. ಮುಂದಿನ ಮಳೆಗಾಲದ ನಂತರ ಬೇಕಾಗುತ್ತದೆ.