ಮೌಲ್ಯಮಾಪನದಲ್ಲಿ ಕಾಲಂ ಇಲ್ಲದ ಕೆಲಸ

ದೊಡ್ಡ ತಂತ್ರಜ್ಞಾನ ಕಂಪನಿಗಳಲ್ಲಿ ದುಡಿಯುವವರು ವಾರ್ಷಿಕ ಮೌಲ್ಯಮಾಪನದ ಫಲಿತಾಂಶ ಬಂದ ಮರುವಾರವೇ ಆಪ್ತಸಲಹೆಗೆ ಬರುವುದು ಈಗ ವಾಡಿಕೆಯಂತಾಗಿದೆ. ಅಂಥ ಒಂದು ಪ್ರಕರಣವನ್ನು ಗುರುತು ಸಿಗದಂತೆ ವಿವರ ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಕೊಟ್ಟ ಸಲಹೆಯನ್ನು ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ ಎಂಬುದೂ ಇದಕ್ಕೆ ಕಾರಣ.

ಸತತ ಮೂರು ವರ್ಷ ಉತ್ತಮ ಶ್ರೇಣಿ ಪಡೆದಿದ್ದ ಆ ಎಂಜಿನಿಯರ್‌ಗೆ ಈ ಬಾರಿ ‘ನಿರೀಕ್ಷೆಗೆ ತಕ್ಕಂತೆ’ ಎಂಬ ಶ್ರೇಣಿ ಬಂದಿತ್ತು. ವರ್ಷದ ನಡುವೆ ಮ್ಯಾನೇಜರ್ ಬದಲಾಗಿದ್ದರು, ಆಕೆ ಎಂಟು ತಿಂಗಳು ದುಡಿದಿದ್ದ ಪ್ರಾಜೆಕ್ಟ್ ಅರ್ಧಕ್ಕೇ ನಿಂತಿತ್ತು. ರಾಜೀನಾಮೆ ಪತ್ರ ಸಿದ್ಧವಿತ್ತು. ಏಳು ತಿಂಗಳ ನಂತರ ಕಂಪನಿಯಿಂದ ಕೈಸೇರಬೇಕಿದ್ದ, ಈಗಲೇ ಬಿಟ್ಟುಹೋದರೆ ಕೈತಪ್ಪುವ ಷೇರುಗಳು ಮಾತ್ರ ಅದನ್ನು ತಡೆದು ಹಿಡಿದಿದ್ದವು.

ಮೂರನೆಯ ಭೇಟಿಯಲ್ಲಿ, ಕೆಲಸ ಖುಷಿ ಕೊಟ್ಟ ಕೊನೆಯ ದಿನ ಯಾವುದೆಂದು ಕೇಳಿದೆ. ಬಡ್ತಿಯ ದಿನವೆನ್ನುವರೆಂದು ಎಣಿಸಿದ್ದೆ. ಆಕೆ ಹೇಳಿದ್ದು, ತುರ್ತು ಕರೆ ಬಂದರೆ ಓಗೊಡಬೇಕಾದ ತಮ್ಮ ಆನ್‌ಕಾಲ್ ಸರದಿಯಲ್ಲಿ ನಡುರಾತ್ರಿ ಕಂಪನಿಯ ಆನ್‌ಲೈನ್ ಸೇವೆ ಕುಸಿದು, ನಾಲ್ವರು ಸೇರಿ ಲಾಗ್‌ಗಳನ್ನು (ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆಗಳನ್ನು) ಜಾಲಾಡಿ, ಹಿಂದಿನ ಸಂಜೆಯ ಒಂದು ಬದಲಾವಣೆಯನ್ನು ಹಿಂತೆಗೆದು ಬೆಳಗಿನೊಳಗೆ ಎಲ್ಲವನ್ನೂ ಸರಿಪಡಿಸಿದ ದಿನವನ್ನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನು ಮೌಲ್ಯಮಾಪನಕ್ಕೆ ನಾನು ಬರೆಯಲೇ ಇಲ್ಲ ಮೇಡಂ, ಅದಕ್ಕೆ ಅಲ್ಲಿ ಕಾಲಂ ಇರಲಿಲ್ಲ” ಎಂದರು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು, ಅಂದರೆ ಕೆಲಸದ ದೀರ್ಘ ಒತ್ತಡದಿಂದ ಬಸವಳಿಯುವುದನ್ನು, ಕಾಯಿಲೆಯೆನ್ನದೆ ಉದ್ಯೋಗಸಂಬಂಧಿ ವಿದ್ಯಮಾನವೆಂದು ವಿವರಿಸಿ, ಅದಕ್ಕೆ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನ ಕೆಲಸ ಫಲಕಾರಿಯಲ್ಲವೆನಿಸುವುದು. ಈಕೆಯಲ್ಲಿ ನನಗೆ ಕಂಡದ್ದು ಮೂರನೆಯದು ಮಾತ್ರ. ಆದ್ದರಿಂದ ಆರು ವಾರ ರಾಜೀನಾಮೆ ಬೇಡವೆಂದೆ. ಕಾಲಂ ಇರಲಿ ಬಿಡಲಿ, ಮಾಡಿದ ಕೆಲಸವನ್ನು ದಿನಕ್ಕೆರಡು ಸಾಲು ಬರೆದಿಟ್ಟು ಹೊಸ ಮ್ಯಾನೇಜರ್‌ಗೆ ತೋರಿಸಿ, ಸೇವೆಗಳನ್ನು ನಡೆಸಿಕೊಂಡು ಹೋಗುವ ತಂಡಕ್ಕೆ ವರ್ಗಾವಣೆ ಕೇಳಿ, ಷೇರಿನ ಬೆಲೆ ಅರ್ಧಕ್ಕಿಳಿದರೂ ಉಳಿಯುವಿರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ ಎಂದೆ.

ಕಂಪನಿಗೆ ಅನುಕೂಲವಾಗುವಂತೆ ಆಕೆಯ ಸಿಟ್ಟನ್ನು ತಣಿಸಿದಿರಿ ಎಂಬುದು ಸಹೋದ್ಯೋಗಿಯ ಆಕ್ಷೇಪ. ನಿದ್ರೆ ಕೆಟ್ಟಿದ್ದರೆ ಅಥವಾ ಅವಮಾನ ನಡೆಯುತ್ತಿದ್ದರೆ ಷೇರುಗಳ ಲೆಕ್ಕವನ್ನೇ ಹಾಕದೆ ಹೊರಬನ್ನಿ ಎನ್ನುತ್ತಿದ್ದೆ. ಆದರೆ ಶ್ರೇಣಿಯೆಂಬುದು ಹಲವು ಮ್ಯಾನೇಜರ್‌ಗಳು ಒಟ್ಟಿಗೆ ಕುಳಿತು ತಂಡ ತಂಡಗಳನ್ನು ಹೋಲಿಸಿ ನಿಗದಿಪಡಿಸುವ ಅಂಕಿ. ಅಲ್ಲಿ ನಮ್ಮ ಪರವಾಗಿ ಮಾತಾಡುವವರಿಗೆ ನಮ್ಮ ಪರಿಚಯ ಅರ್ಧ ವರ್ಷದ್ದಾದರೆ ಅಂಕಿಯೂ ಅರ್ಧವೇ. ಉದ್ಯೋಗಿಗಳನ್ನು ಹೀಗೆ ಸಾಲಾಗಿ ನಿಲ್ಲಿಸಿ ಶ್ರೇಣಿ ಹಂಚುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು. 2023ರ ಜನವರಿಯಲ್ಲಿ ಗೂಗಲ್ ಸುಮಾರು 12,000 ಹುದ್ದೆಗಳನ್ನು ಕಡಿತ ಮಾಡಿದಾಗ ಒಳ್ಳೆಯ ಶ್ರೇಣಿಯವರಿಗೂ ಇಮೇಲ್ ಹೋಗಿತ್ತು. ಇಂಥ ಅಳತೆಗೋಲಿನ ಮೇಲಿನ ಸಿಟ್ಟಿನಲ್ಲಿ, ತಾನು ಇಷ್ಟಪಡುವ ಕೆಲಸವನ್ನು ಯಾರೂ ಬಿಡಬಾರದೆಂಬುದು ನನ್ನ ಹಟವೆಂದರೂ ಸರಿಯೇ.

ಆರು ವಾರಗಳ ನಂತರ ಆಕೆ ನೋಟ್‌ಬುಕ್ ಹಿಡಿದು ಬಂದರು. ವರ್ಗಾವಣೆ ಇನ್ನೂ ತೀರ್ಮಾನವಾಗಿರಲಿಲ್ಲ. ರಾಜೀನಾಮೆ ಪತ್ರವನ್ನು ಅಳಿಸಿರಲಿಲ್ಲ. ಅಳಿಸಲು ನಾನೂ ಹೇಳಲಿಲ್ಲ.