ವೈರಸ್ ಕಾಣಿಸ್ತಿಲ್ಲ, ಸರಿ. ಆ ಹುಣ್ಣು?

ಪ್ರಶ್ನೆ: ನನಗೆ 36 ವರ್ಷ. ಎಚ್‌ಐವಿ ಇದೆ, ಹೆಂಡತಿಗೆ ಇಲ್ಲ. ಎಆರ್‌ಟಿ ಸೆಂಟರಿನವರು ಎಚ್‌ಐವಿಗೆ ಕೊಡುವ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ರಿಪೋರ್ಟಿನಲ್ಲಿ ಪ್ರತಿ ಸಲ ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’ ಅಂತಲೇ ಬರುತ್ತಿದೆ. ಮಗು ಬೇಕು, ಕಾಂಡೋಮ್ ಬಿಡಬಹುದಾ? ಹೋದ ತಿಂಗಳು ಶಿಶ್ನದ ಮೇಲೆ ಒಂದು ಹುಣ್ಣಾಗಿತ್ತು, ನೋವಿರಲಿಲ್ಲ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಮುಲಾಮು ಹಚ್ಚಿದೆ, ಹೋಯಿತು.
– ಹೆಸರು ಬೇಡ, ದಾವಣಗೆರೆ

ಉತ್ತರ: ಎಚ್‌ಐವಿ ವಿಷಯದಲ್ಲಿ ನಿಶ್ಚಿಂತೆಯಾಗಿರಿ. ಮಾತ್ರೆ ಬಿಡದೆ ತಗೊಂಡು ವೈರಸ್ ಹೀಗೆ ಕಾಣದ ಮಟ್ಟದಲ್ಲೇ ಉಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಅದು ಹೆಂಡತಿಗೆ ಬರುವುದಿಲ್ಲ. ಸಮಾಧಾನಕ್ಕೆ ಹೇಳ್ತಿಲ್ಲ. ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ, ಕಾಂಡೋಮ್ ಬಳಸದ ನೂರಾರು ಜೋಡಿಗಳನ್ನು ಯುರೋಪಿನ ‘ಪಾರ್ಟ್ನರ್’ ಅಧ್ಯಯನದವರು ವರ್ಷಗಟ್ಟಲೆ ಗಮನಿಸಿ 2016ರಲ್ಲಿ, ಮತ್ತೆ 2019ರಲ್ಲಿ ವರದಿ ಕೊಟ್ಟರು. ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಒಬ್ಬರಿಗೂ ಸೋಂಕು ದಾಟಿರಲಿಲ್ಲ. ಕೊನೆಯ ರಿಪೋರ್ಟ್ ಹಳೆಯದಾಗಿದ್ದರೆ ಮಾತ್ರ ಕಾಂಡೋಮ್ ಬಿಡುವ ಮೊದಲು ಇನ್ನೊಂದು ಸಲ ಮಾಡಿಸಿ.

ನನಗೆ ಚಿಂತೆ ಆ ಹುಣ್ಣಿನದು. ಮುಲಾಮಿನಿಂದ ವಾಸಿಯಾಯಿತು ಅಂತ ನನಗನ್ನಿಸುವುದಿಲ್ಲ. ಸಿಫಿಲಿಸ್ ಅಂತ ಲೈಂಗಿಕ ಸಂಪರ್ಕದಿಂದ ಹರಡುವ ರೋಗವಿದೆ, ಅದರ ಹುಣ್ಣು ಹೀಗೇ ಇರುತ್ತದೆ: ನೋವಿಲ್ಲ, ಉರಿಯಿಲ್ಲ, 3ರಿಂದ 6 ವಾರದಲ್ಲಿ ಏನೂ ಹಚ್ಚದಿದ್ದರೂ ತಾನಾಗೇ ಮಾಯುತ್ತದೆ, ರೋಗ ಮಾತ್ರ ಒಳಗೇ ಉಳಿದು ಮುಂದೆ ಮೈಮೇಲೆ ಗಂಧೆಯಾಗಿಯೋ, ಇನ್ನೂ ತಡವಾದರೆ ಕಣ್ಣು, ನರ, ಹೃದಯಕ್ಕೋ ತೊಂದರೆ ಕೊಡುತ್ತದೆ. ಹಾಗಂತ ಇದು ಸಿಫಿಲಿಸ್ಸೇ ಅಂತ ಕೂತಲ್ಲಿಂದ ಹೇಳಲಾರೆ. ಆದರೆ ನಿಮ್ಮ ವೈರಲ್ ಲೋಡ್ ರಿಪೋರ್ಟಿಗೆ ಎಚ್‌ಐವಿ ಬಿಟ್ಟು ಬೇರೇನೂ ಗೊತ್ತಿಲ್ಲ, ಎಆರ್‌ಟಿ ಮಾತ್ರೆಗೂ ಸಿಫಿಲಿಸ್‌ಗೂ ಸಂಬಂಧವೇ ಇಲ್ಲ.

ಜಿಲ್ಲಾ ಆಸ್ಪತ್ರೆಯಲ್ಲಿ ಲೈಂಗಿಕ ರೋಗಗಳನ್ನು ನೋಡುವ ಸುರಕ್ಷಾ ಕ್ಲಿನಿಕ್‌ಗೆ ಹೋಗಿ. ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಅಂತ ಸಿಫಿಲಿಸ್ ಪತ್ತೆಯ ರಕ್ತಪರೀಕ್ಷೆ ಮಾಡುತ್ತಾರೆ. ಹುಣ್ಣು ಆಗಿತ್ತು ಅಂತ ಮುಚ್ಚಿಡದೆ ಹೇಳಿ, ಈಗ ಕಾಣಿಸ್ತಿಲ್ಲವಲ್ಲ. ಸಿಫಿಲಿಸ್ ಶುರುವಿನಲ್ಲೇ ಸಿಕ್ಕರೆ ಸಾಮಾನ್ಯವಾಗಿ ಒಂದೇ ಸಲದ ಬೆಂಜಥಿನ್ ಪೆನಿಸಿಲಿನ್ ಸಾಕು, 24 ಲಕ್ಷ ಯುನಿಟ್, ಕುಂಡೆಗೆ ಚುಚ್ಚುತ್ತಾರೆ. ಒಂದೆರಡು ದಿನ ಕೂರಲು ಕಷ್ಟ, ಅಷ್ಟೇ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ತಿಳಿಸಿ.

ಹೆಂಡತಿಯನ್ನೂ ಕರೆದುಕೊಂಡು ಹೋಗಲೇಬೇಕು. ಎಲ್ಲಿಂದ ಬಂತು ಅಂತ ನಾನು ಕೇಳಲ್ಲ, ಅವರು ಕೇಳಬಹುದು. ಆ ಮಾತು ಕಷ್ಟ, ಗೊತ್ತು. ಆದರೆ ಸಿಫಿಲಿಸ್ ಇಟ್ಟುಕೊಂಡು ಬಸುರಾದರೆ ಗರ್ಭಪಾತವಾಗಬಹುದು, ಮಗು ಹೊಟ್ಟೆಯಲ್ಲೇ ಸಾಯಬಹುದು, ಹುಟ್ಟುವ ಮಗುವಿಗೂ ರೋಗ ಬರಬಹುದು. ಇಬ್ಬರ ಚಿಕಿತ್ಸೆಯೂ ಮುಗಿದು ಡಾಕ್ಟರ್ ಸರಿ ಅನ್ನುವವರೆಗೆ ಸಂಪರ್ಕ ಬೇಡ, ಮಗುವಿನ ಯೋಚನೆ ಆಮೇಲೆ. ಅಂದಹಾಗೆ, ಮುಂದೆ ಕಾಂಡೋಮ್ ಬಳಸುವಾಗ ಕೊಬ್ಬರಿ ಎಣ್ಣೆ ಹಚ್ಚಬೇಡಿ, ರಬ್ಬರ್ ಹರಿಯುತ್ತದೆ. ತುಂಬಾ ಜನ ಹಚ್ಚುತ್ತಾರೆ!

ಹೋದಾಗಲೇ ಇಬ್ಬರೂ ಹೆಪಟೈಟಿಸ್ ಬಿ (ಇದೂ ಸಂಪರ್ಕದಿಂದ ಹರಡುವ ಲಿವರ್ ರೋಗ) ಪರೀಕ್ಷೆಯನ್ನೂ ಮಾಡಿಸಿಬಿಡಿ. ಹೆಂಡತಿಗೆ ಅದು ಇಲ್ಲದಿದ್ದರೆ, ಲಸಿಕೆಯೂ ಆಗಿಲ್ಲದಿದ್ದರೆ, ಹಾಕಿಸಿ.