ಒಂಬತ್ತಕ್ಕೆ ಸಿಗದ ಬರ್ತ್ ಮೂವತ್ತನಾಲ್ಕಕ್ಕೆ ಸಿಕ್ಕಿದ್ದು ಹೇಗೆ?

ಪ್ರಿಯ ಮೇಡಂ,

ನಿಮ್ಮ ಪತ್ರ ನಾಲ್ಕು ಪುಟ ಇದೆ. ಅಷ್ಟನ್ನೂ ಅಚ್ಚು ಹಾಕಲು ಜಾಗ ಸಾಲದು. ಉಳಿದ ಓದುಗರಿಗೆ ವಿಷಯ ತಿಳಿಯಲಿ ಅಂತ ಸಾರಾಂಶ ಹೇಳಿಬಿಡುತ್ತೇನೆ.

ನೀವು ಶಾಲಾ ಶಿಕ್ಷಕಿ. ಊರು ಹಾವೇರಿ ಹತ್ತಿರ. 71 ವರ್ಷದ ಮಾವನವರನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಮೂರು ವಾರ ಮುಂಚೆಯೇ ಮೊಬೈಲ್‌ನಲ್ಲಿ ಮೂವರಿಗೂ ಸ್ಲೀಪರ್ ಟಿಕೆಟ್ ಮಾಡಿಸಿದಿರಿ. ವೇಟಿಂಗ್ ಲಿಸ್ಟ್ 9ರಿಂದ ಶುರುವಾಯಿತು. 9 ಏನು ಮಹಾ, ಆಗುತ್ತೆ ಬಿಡಿ ಅಂದರು ಎಲ್ಲರೂ. ಅದು 4ಕ್ಕೆ ಬಂದು ನಿಂತಿತು. ಚಾರ್ಟ್, ಅಂದರೆ ಯಾರಿಗೆ ಯಾವ ಬರ್ತ್ ಅನ್ನುವ ಕೊನೆಯ ಪಟ್ಟಿ, ಆದ ಮೇಲೆ ಟಿಕೆಟ್ ತಾನಾಗಿ ರದ್ದಾಯಿತು. ರಾತ್ರಿಯಿಡೀ ಬಸ್ಸಿನಲ್ಲಿ ಮಾವನವರನ್ನು ಕೂರಿಸಿಕೊಂಡು ಹೋದಿರಿ. ಮರುದಿನ ನಿಮ್ಮ ಶಾಲೆಯ ಇನ್ನೊಬ್ಬ ಟೀಚರ್ ಹೇಳಿದರು: ಅದೇ ರಾತ್ರಿ, ಅದೇ ರೈಲಿನಲ್ಲಿ, ಅವರ ವೇಟಿಂಗ್ 34 ಇದ್ದದ್ದು ಕನ್ಫರ್ಮ್ ಆಯಿತಂತೆ. "ಇದರಲ್ಲಿ ಯಾರೋ ದುಡ್ಡು ತಿಂದಿದ್ದಾರೆ, ಅಲ್ವಾ ಸಾರ್?" ಅಂತ ಕೇಳಿದ್ದೀರಿ. ಹಿಂದಿನ ಪ್ರಯಾಣದಲ್ಲಿ ಮಾವನವರಿಗೆ ಅಪ್ಪರ್ ಬರ್ತ್ ಕೊಟ್ಟದ್ದು, ಇನ್ನೊಮ್ಮೆ ರೈಲು ನಾಲ್ಕು ಗಂಟೆ ತಡವಾದರೂ ದುಡ್ಡು ವಾಪಸ್ ಬಾರದ್ದು, ಇವೆರಡು ದೂರುಗಳೂ ಇವೆ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ 9 ಮತ್ತು 34ರ ವಿಷಯದಲ್ಲಿ ಯಾರೂ ದುಡ್ಡು ತಿಂದಿಲ್ಲ ಅಂತ ಧೈರ್ಯವಾಗಿ ಹೇಳಬಲ್ಲೆ. ಉತ್ತರ ನಿಮ್ಮ ಪತ್ರದ ಒಂದು ಸಾಲಿನಲ್ಲೇ ಇದೆ. ಆ ಟೀಚರ್ ತವರಿಗೆ ಹೋಗಿದ್ದರು, ರೈಲು ಹೊರಡುವ ಊರಿನಲ್ಲೇ ಹತ್ತಿದರು ಅಂತ ಬರೆದಿದ್ದೀರಿ. ನೀವು ಹತ್ತಬೇಕಿದ್ದದ್ದು ನಡುವಿನ ಸ್ಟೇಷನ್ನಿನಲ್ಲಿ. ಅವರು ನಿಂತ ಸಾಲೇ ಬೇರೆ, ನೀವು ನಿಂತ ಸಾಲೇ ಬೇರೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆಳಗಾವಿಯಿಂದ ಬೆಂಗಳೂರಿಗೆ ಒಂದು ರಾತ್ರಿ ರೈಲು ಅಂದುಕೊಳ್ಳಿ. ಹಳೆಯ ಮಾದರಿಯ ಸ್ಲೀಪರ್ ಬೋಗಿಯಲ್ಲಿ 72 ಬರ್ತ್, ಹೊಸ ಎಲ್‌ಎಚ್‌ಬಿ ಬೋಗಿಯಲ್ಲಿ 80. ಈ ಬರ್ತುಗಳನ್ನೆಲ್ಲ ಒಂದೇ ರಾಶಿ ಹಾಕಿ ಮಾರುವುದಿಲ್ಲ. ದೊಡ್ಡ ಪಾಲು ರೈಲು ಹೊರಡುವ ಊರಿಂದ, ಅದರ ಆಸುಪಾಸಿನ ಸ್ಟೇಷನ್ನುಗಳಿಂದ ಹತ್ತುವವರಿಗೆ. ಅದಕ್ಕೆ ಜನರಲ್ ಕೋಟಾ ಅಂತಾರೆ. ನಡುವಿನ ಕೆಲವು ಮುಖ್ಯ ಸ್ಟೇಷನ್ನುಗಳಿಗೆ ಪ್ರತ್ಯೇಕವಾಗಿ ಒಂದಿಷ್ಟು ಇಟ್ಟಿರುತ್ತಾರೆ. ಉಳಿದ ಸಣ್ಣಪುಟ್ಟ ಸ್ಟೇಷನ್ನುಗಳಿಗೆಲ್ಲ ಸೇರಿ ಇನ್ನೊಂದು ಚಿಕ್ಕ ಪಾಲು. ಒಂದೊಂದು ಪಾಲಿಗೂ ಒಂದೊಂದು ವೇಟಿಂಗ್ ಲಿಸ್ಟ್.

ಟಿಕೆಟ್ ಮಾಡುವಾಗ ನಂಬರಿನ ಜೊತೆ ನಾಲ್ಕು ಇಂಗ್ಲಿಷ್ ಅಕ್ಷರ ಕಾಣುತ್ತದೆ. ನಾವು ನಂಬರ್ ನೋಡುತ್ತೇವೆ, ಅಕ್ಷರ ಬಿಡುತ್ತೇವೆ. ಜಿಎನ್‌ಡಬ್ಲ್ಯುಎಲ್ ಅಂತ ಇದ್ದರೆ ಜನರಲ್ ಸಾಲು. ಆರ್‌ಎಲ್‌ಡಬ್ಲ್ಯುಎಲ್ ಅಂದರೆ ನಡುವಿನ ಸ್ಟೇಷನ್ನಿನ ಸಾಲು. ಪಿಕ್ಯೂಡಬ್ಲ್ಯುಎಲ್ ಅಂದರೆ ಸಣ್ಣ ಸ್ಟೇಷನ್ನುಗಳ ಕೂಡು ಸಾಲು. ಟಿಕ್ಯೂಡಬ್ಲ್ಯುಎಲ್ ಅಂದರೆ ಕೊನೇ ಗಳಿಗೆಯಲ್ಲಿ ತೆಗೆಯುವ ತತ್ಕಾಲ್ ಟಿಕೆಟ್‌ನದು. ಜನರಲ್ ಕೋಟಾದಲ್ಲಿ ನೂರಾರು ಬರ್ತ್ ಇರುವುದರಿಂದ ರದ್ದು ಮಾಡುವವರೂ ಜಾಸ್ತಿ, ಸಾಲು ಬೇಗ ಕರಗುತ್ತದೆ. ಕೂಡು ಸಾಲಿನಲ್ಲಿ ಇರುವುದೇ ಕೆಲವು ಬರ್ತ್. ನಿಮ್ಮ 9 ಮುಂದೆ ಹೋಗಬೇಕಾದರೆ ಆ ಕೆಲವರಲ್ಲೇ ಯಾರಾದರೂ ರದ್ದು ಮಾಡಬೇಕು. ಐದು ಮಂದಿ ಜಾಗ ಬಿಟ್ಟದ್ದೇ ದೊಡ್ಡದು. ಮುಂದಿನ ಸಲ ಅಕ್ಷರ ಮೊದಲು ನೋಡಿ, ಆಮೇಲೆ ನಂಬರ್.

ಹೀಗೆ ಯಾಕೆ ಹಂಚುತ್ತಾರೆ ಅಂತ ನೀವು ಕೇಳಬಹುದು. ಒಂದು ಬರ್ತನ್ನು ರೈಲ್ವೆ ಒಂದೇ ಸಲ ಮಾರುವುದಿಲ್ಲ. ಬೆಳಗಾವಿಯಲ್ಲಿ ಹತ್ತಿ ದಾವಣಗೆರೆಯಲ್ಲಿ ಇಳಿಯುವವರಿಗೆ ಅರ್ಧ ದಾರಿ ಮಾರಿದರೆ, ಉಳಿದರ್ಧ ದಾವಣಗೆರೆಯಲ್ಲಿ ಹತ್ತುವವರಿಗೆ ಮಾರುತ್ತದೆ. ಎಲ್ಲ ಬರ್ತುಗಳನ್ನೂ ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಕೊಳ್ಳಿ ಅಂದರೆ, ನಡುದಾರಿಯ ಪ್ರಯಾಣಿಕರೇ ಹರಿದು ಹಂಚಿಕೊಂಡುಬಿಡುತ್ತಾರೆ. ಪೂರ್ತಿ ದಾರಿ ಹೋಗುವವರಿಗೆ ಬರ್ತೇ ಇರುವುದಿಲ್ಲ. ಇದನ್ನು ನಾನು ಒಪ್ಪುತ್ತೇನೆ. ಆದರೆ ನಡುವಿನ ಊರುಗಳಿಗೆ ಇಟ್ಟ ಪಾಲು ತೀರಾ ಚಿಕ್ಕದು. ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಆಗದ ಕಾಯಿಲೆಗೆ ಬೆಂಗಳೂರಿಗೆ ಬರಬೇಕಾದವರು ಇಂಥ ಊರುಗಳಲ್ಲೇ ಇದ್ದಾರೆ. ಈ ಪಾಲು ಹೆಚ್ಚಬೇಕು. ನಿಮ್ಮ ಭಾಗದ ಪ್ರಯಾಣಿಕರ ಸಂಘ ಇದನ್ನು ಹುಬ್ಬಳ್ಳಿಯ ನೈರುತ್ಯ ರೈಲ್ವೆ ಕೇಂದ್ರ ಕಚೇರಿಗೆ ಬರೆದು ಕೇಳಲಿ, ನಾವು ಅದನ್ನು ಈ ಪುಟದಲ್ಲೇ ಪ್ರಕಟಿಸುತ್ತೇವೆ.

ದಾರಿ ಇಲ್ಲವೇ ಅಂದರೆ, ಇದೆ. ರೈಲು ಹೊರಡುವ ಊರಿಂದಲೇ ಟಿಕೆಟ್ ತೆಗೆದು, ಹತ್ತುವ ಸ್ಟೇಷನ್ ನಿಮ್ಮದು ಅಂತ ಬುಕ್ ಮಾಡುವಾಗಲೇ ನಮೂದಿಸಬಹುದು. ಪೂರ್ತಿ ದಾರಿಯ ಚಾರ್ಜ್ ಕೊಡಬೇಕಾಗುತ್ತದೆ, ಆದರೆ ಜನರಲ್ ಸಾಲಿಗೆ ಸೇರುತ್ತೀರಿ. ಇದಕ್ಕೆ ನಿಯಮದಲ್ಲೇ ಅವಕಾಶ ಇದೆ. ಆಮೇಲೆ ಮನಸ್ಸು ಬದಲಾಗಿ ಮೊದಲ ಊರಲ್ಲೇ ಹತ್ತುತ್ತೇನೆ ಅಂದರೆ ಆ ಹಕ್ಕು ಇರುವುದಿಲ್ಲ, ನೆನಪಿರಲಿ. ಇದನ್ನು ಹೇಳುವಾಗ ನನಗೆ ಒಂದಿಷ್ಟು ಅಳುಕೂ ಇದೆ. ನಿಮ್ಮ ಊರು ಬರುವವರೆಗೆ ಆ ಬರ್ತ್ ಖಾಲಿ ಓಡುತ್ತದೆ, ಅಷ್ಟು ದೂರ ಬೇರೆ ಯಾರಿಗೋ ಸಿಗಬಹುದಿತ್ತು. ಮದುವೆ ಮುಂಜಿಗೆ ಹೋಗುವಾಗ ಹೀಗೆ ಮಾಡಬೇಡಿ ಅನ್ನುತ್ತೇನೆ. ಮಾವನವರ ಆಸ್ಪತ್ರೆಗಾದರೆ ಎರಡು ಸಲ ಯೋಚಿಸಬೇಡಿ.

ಇನ್ನು ಚಾರ್ಟ್. ವೇಟಿಂಗ್‌ನವರಿಗೆ ಬರ್ತ್ ಸಿಗುವುದು ಹೆಚ್ಚಾಗಿ ಆ ಗಳಿಗೆಯಲ್ಲೇ. ಎಮರ್ಜೆನ್ಸಿ ಕೋಟಾ, ಲೇಡೀಸ್ ಕೋಟಾ ಅಂತ ತೆಗೆದಿಟ್ಟು ಉಳಿದುಹೋದ ಬರ್ತುಗಳು ಆಗ ಹೊರಬರುತ್ತವೆ. ಮೊದಲೆಲ್ಲ ರೈಲು ಹೊರಡುವ 4 ಗಂಟೆ ಮುಂಚೆ ಚಾರ್ಟ್ ಆಗುತ್ತಿತ್ತು. 2025ರಲ್ಲಿ ಅದನ್ನು ಇನ್ನಷ್ಟು ಮುಂಚೆ ಮಾಡಲು ಶುರುಮಾಡಿದರು. ನನ್ನ ಪ್ರಕಾರ ಇತ್ತೀಚಿನ ಬದಲಾವಣೆಗಳಲ್ಲಿ ಇದೇ ಒಳ್ಳೆಯದು. ಆಗಲ್ಲ ಅಂತ ಬೇಗ ಗೊತ್ತಾದರೆ ಬಸ್ಸಿಗಾದರೂ ಸೀಟು ಮಾಡಿಸಬಹುದು.

ಮೊಬೈಲ್‌ನಲ್ಲಿ ತೆಗೆದ ಟಿಕೆಟ್‌ನಲ್ಲಿ ಎಲ್ಲರೂ ವೇಟಿಂಗ್‌ನಲ್ಲೇ ಉಳಿದರೆ ಅದು ತಾನಾಗಿ ರದ್ದಾಗುತ್ತದೆ. ಮೂವರಲ್ಲಿ ಒಬ್ಬರಿಗೆ ಬರ್ತ್ ಬಂದಿದ್ದರೂ ರದ್ದಾಗುತ್ತಿರಲಿಲ್ಲ. ಕೌಂಟರ್ ಟಿಕೆಟ್ ಆದರೆ ತಾನಾಗಿ ರದ್ದಾಗುವುದಿಲ್ಲ, ರೈಲು ಹೊರಡುವ ಅರ್ಧ ಗಂಟೆ ಮುಂಚಿನವರೆಗೆ ನೀವೇ ರದ್ದು ಮಾಡಿಸಬೇಕು. ಅದನ್ನು ಹಿಡಿದು ಸ್ಲೀಪರ್ ಹತ್ತುವಂತಿಲ್ಲ, ಜನರಲ್ ಬೋಗಿಗೆ ಮಾತ್ರ. ನಿಮ್ಮಿಂದ ತಲೆಗೆ 60 ರೂಪಾಯಿ ಕಡಿದದ್ದು ನಿಯಮದ ಪ್ರಕಾರವೇ. ಮೇಲೆ ಕೊಟ್ಟ ಕನ್ವೀನಿಯೆನ್ಸ್ ಫೀ ಕೂಡ ವಾಪಸ್ ಬರಲ್ಲ. ಆದರೆ ಈ 60 ರೂಪಾಯಿ ಸರಿ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಜಾಗ ಕೊಡಲು ಆಗದಿದ್ದದ್ದು ರೈಲ್ವೆಗೆ. ಟಿಕೆಟ್ ರದ್ದು ಮಾಡಿದ್ದೂ ಅದರದೇ ಕಂಪ್ಯೂಟರ್. ಅದಕ್ಕೆ ಪ್ರಯಾಣಿಕ ಯಾಕೆ ದುಡ್ಡು ಕೊಡಬೇಕು?

ದುಡ್ಡು ತಿನ್ನುವ ಮಾತು ಬಂತು. ರೈಲಿನಲ್ಲಿ ಅಂಥದ್ದು ನಡೆಯುವುದೇ ಇಲ್ಲ ಅಂತ ನಾನು ಹೇಳಲಾರೆ. ಆದರೆ ಖಾಲಿ ಬರ್ತ್ ಕಂಡ ಕೂಡಲೇ ಟಿಸಿ ಮೇಲೆ ಅನುಮಾನ ಪಡುವವರಿಗೆ ಒಂದು ರಾತ್ರಿಯ ಕತೆ ಹೇಳಬೇಕು. ಸುಮಾರು ಹತ್ತು ವರ್ಷದ ಹಿಂದೆ ನಾನು, ಅಮ್ಮ ಬೆಂಗಳೂರಿನಿಂದ ಹೊರಟಿದ್ದೆವು. ಇಬ್ಬರಿಗೂ ಆರ್‌ಎಸಿ. ಅಂದರೆ ಒಂದು ಸೈಡ್ ಲೋವರ್ ಬರ್ತಿಗೆ ಇಬ್ಬರು. ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರುಬದುರು ಕೂತೆವು. ಎರಡೂ ಸೀಟಿನ ಬೆನ್ನು ಮಡಚಿದರೆ ಅದೇ ಮಲಗುವ ಹಲಗೆ, ಆದರೆ ನಡುವಿನ ಸಂದು ಸೊಂಟಕ್ಕೇ ಒತ್ತುತ್ತದೆ. ಅಮ್ಮನಿಗೆ ಸೊಂಟ ನೋವು. ಅವಳನ್ನು ಮಲಗಿಸಿ ನಾನು ಕಾಲ ಬಳಿ ಮುದುರಿ ಕೂತೆ.

ಪಕ್ಕದ ಸಾಲಿನಲ್ಲೇ 41ನೇ ನಂಬರ್ ಖಾಲಿ ಇತ್ತು. ಕೇಳಿದೆ. ಟಿಸಿ ಚಾರ್ಟಿನ ಮೇಲೆ ಪೆನ್ನಿಟ್ಟು ತೋರಿಸಿದರು: "ಇವರು ತುಮಕೂರಲ್ಲಿ ಹತ್ತಬೇಕು, ತಡೀರಿ." ತುಮಕೂರು ಹೋಯಿತು, ಯಾರೂ ಬರಲಿಲ್ಲ. ಹಿಂದೆ ನಿಂತಿದ್ದ ಒಬ್ಬರು ಮಡಚಿದ ನೋಟು ಮುಂದೆ ಮಾಡಿದ್ದನ್ನು ನಾನೇ ನೋಡಿದೆ. ಟಿಸಿ ಅವರ ಕಡೆ ತಿರುಗಲಿಲ್ಲ. ಬೋಗಿಯನ್ನೆಲ್ಲ ಒಂದು ಸುತ್ತು ಹಾಕಿ ಬಂದರು. ಅರಸೀಕೆರೆ ದಾಟಿದ ಮೇಲೆ ಚಾರ್ಟಿನಲ್ಲಿ ಆ ಹೆಸರು ಹೊಡೆದುಹಾಕಿ, ನಮ್ಮ ಟಿಕೆಟ್ ಮೇಲೆ 41 ಅಂತ ಬರೆದರು. "ಅಮ್ಮ ಅಲ್ಲಿ ಮಲಗ್ಲಿ, ಅದು ಲೋವರ್" ಅಂದರು. ನಿಯಮ ಇರುವುದೂ ಹಾಗೆಯೇ. ಹತ್ತಬೇಕಾದವರು ಬಾರದಿದ್ದರೆ ಆ ಬರ್ತ್ ಮೊದಲು ಆರ್‌ಎಸಿಯವರಿಗೆ. ಈಗ ಬಹಳ ಕಡೆ ಟಿಸಿಗಳ ಕೈಯಲ್ಲಿ ಕಾಗದದ ಬದಲು ಪುಟ್ಟ ಯಂತ್ರ ಬಂದಿದೆ. ಬಾರದವರ ಹೆಸರು ಒತ್ತಿದರೆ ಬರ್ತ್ ನೇರ ಆರ್‌ಎಸಿ ಪಟ್ಟಿಗೆ ಹೋಗುತ್ತದೆ.

ಅವರು ನಂಬರ್ ನೋಡಿಯೇ ಲೋವರ್ ಅಂತ ಹೇಳಿದ್ದು ಹೇಗೆ ಅಂದಿರಾ? ಸ್ಲೀಪರ್‌ನಲ್ಲಿ ಬರ್ತ್ ನಂಬರನ್ನು 8ರಿಂದ ಭಾಗಿಸಿ. ಶೇಷ 1 ಅಥವಾ 4 ಬಂದರೆ ಲೋವರ್. 2, 5 ಮಿಡಲ್. 3, 6 ಅಪ್ಪರ್. 7 ಸೈಡ್ ಲೋವರ್. ಶೇಷ ಉಳಿಯದಿದ್ದರೆ ಸೈಡ್ ಅಪ್ಪರ್. ನಿಮ್ಮ ಶಾಲೆಯ ಮಕ್ಕಳಿಗೆ ಭಾಗಾಕಾರ ಹೇಳಿಕೊಡಲು ಚೆನ್ನಾಗಿದೆ.

ಮಾವನವರಿಗೆ ಅಪ್ಪರ್ ಬರ್ತ್ ಬಂದ ವಿಷಯಕ್ಕೆ ಬರೋಣ. ಇಲ್ಲಿ ನಿಮಗೇ ಗೊತ್ತಿಲ್ಲದೆ ಒಂದು ತಪ್ಪಾಗಿದೆ. 60 ತುಂಬಿದ ಗಂಡಸರಿಗೆ, 45 ತುಂಬಿದ ಹೆಂಗಸರಿಗೆ ಲೋವರ್ ಬರ್ತಿನ ಪ್ರತ್ಯೇಕ ಕೋಟಾ ಇದೆ. ಒಂದು ಸ್ಲೀಪರ್ ಬೋಗಿಗೆ ಆರೇಳು ಬರ್ತ್. ಆದರೆ ಟಿಕೆಟ್‌ನಲ್ಲಿ ಅಂಥವರು ಒಬ್ಬರೇ ಇರಬೇಕು, ಇಲ್ಲವೇ ಇಬ್ಬರೂ ಅಂಥವರೇ ಆಗಿರಬೇಕು. ಮೂರನೆಯವರು ಸೇರಿದರೆ, ಅಥವಾ ಜೊತೆಗಿರುವವರು ವಯಸ್ಸಿನಲ್ಲಿ ಚಿಕ್ಕವರಾದರೆ ಆ ಕೋಟಾ ಕೈತಪ್ಪುತ್ತದೆ. ನೀವು ಮನೆಯವರೆಲ್ಲ ಒಟ್ಟಿಗಿರಲಿ ಅಂತ ಒಂದೇ ಟಿಕೆಟ್ ಮಾಡಿಸಿದಿರಿ. ಎಲ್ಲರೂ ಮಾಡುವುದು ಅದನ್ನೇ. ಮುಂದಿನ ಸಲ ಮಾವನವರಿಗೆ ಬೇರೆ ಟಿಕೆಟ್ ಮಾಡಿಸಿ, ಕೋಟಾ ಅನ್ನುವ ಕಡೆ ಲೋವರ್ ಬರ್ತ್ / ಹಿರಿಯ ನಾಗರಿಕರು ಅಂತ ಆರಿಸಿ. ಬೋಗಿ ಬೇರೆ ಆಗಬಹುದು. ಆದರೂ 71ರ ಮನುಷ್ಯ ರಾತ್ರಿ ಎರಡು ಸಲ ಏಣಿ ಇಳಿದು ಬಾತ್‌ರೂಮಿಗೆ ಹೋಗುವುದಕ್ಕಿಂತ, ನಿಮ್ಮ ಯಜಮಾನರು ಎರಡು ಬೋಗಿ ದಾಟಿ ಬಂದು ನೋಡಿಕೊಂಡು ಹೋಗುವುದು ಮೇಲು. ಅಷ್ಟಾದರೂ ಅಪ್ಪರ್ ಬಂದರೆ ಟಿಸಿಗೆ ಹೇಳಿ. ಚಾರ್ಟ್ ಆದ ಮೇಲೆ ಖಾಲಿ ಉಳಿದ ಲೋವರ್ ಬರ್ತನ್ನು ವಯಸ್ಸಾದವರಿಗೆ, ಗರ್ಭಿಣಿಯರಿಗೆ ಕೊಡುವ ಅಧಿಕಾರ ಅವರಿಗಿದೆ.

ಕೆಳಗಿನವರು ಸಂಜೆ 7ಕ್ಕೇ ಮಿಡಲ್ ಬರ್ತ್ ಎತ್ತಿಸಿಬಿಟ್ಟರು ಅಂತಲೂ ಬರೆದಿದ್ದೀರಿ. ಮಲಗುವ ಹೊತ್ತು ರಾತ್ರಿ 10ರಿಂದ ಬೆಳಗ್ಗೆ 6. ರಾತ್ರಿ 10ರವರೆಗೆ ಕೂರುವ ಹಕ್ಕು ಎಲ್ಲರಿಗೂ ಇದೆ.

ತಡವಾದ ರೈಲಿನ ದುಡ್ಡು ಕೈಗೆ ಬರಬಹುದಿತ್ತು. ನೀವು ಹತ್ತುವ ಸ್ಟೇಷನ್ನಿಗೆ ರೈಲು 3 ಗಂಟೆಗಿಂತ ಹೆಚ್ಚು ತಡ ಇದ್ದು, ನೀವು ಪ್ರಯಾಣ ಮಾಡದಿದ್ದರೆ ಪೂರ್ತಿ ದುಡ್ಡು ವಾಪಸ್. ಆದರೆ ರೈಲು ಅಲ್ಲಿಂದ ನಿಜವಾಗಿ ಹೊರಡುವ ಮುಂಚೆಯೇ ಮೊಬೈಲ್‌ನಲ್ಲಿ ಟಿಡಿಆರ್, ಅಂದರೆ ದುಡ್ಡು ವಾಪಸ್ ಕೇಳುವ ಅರ್ಜಿ, ಹಾಕಬೇಕು. ಕೌಂಟರ್ ಟಿಕೆಟ್ ಆದರೆ ಅಷ್ಟರೊಳಗೆ ಕೌಂಟರಿಗೆ ಕೊಡಬೇಕು. ನೀವು ಬಸ್ ಹತ್ತಿ, ಮನೆಗೆ ಹೋಗಿ, ಮರುದಿನ ಕೇಳಿದಿರಿ. ಅಷ್ಟು ಹೊತ್ತಿಗೆ ರೈಲು ಊರು ಸೇರಿ ಆಗಿತ್ತು. ಇದನ್ನು ಪ್ಲಾಟ್‌ಫಾರಂನಲ್ಲಿ ಕಾಯುವವರಿಗೆ ಮೈಕಿನಲ್ಲಿ ಯಾರೂ ಹೇಳುವುದಿಲ್ಲ. ತಡದ ಪ್ರಕಟಣೆ ಮಾತ್ರ ಮತ್ತೆ ಮತ್ತೆ ಬರುತ್ತದೆ. ಅದರ ಜೊತೆ ಈ ಒಂದು ವಾಕ್ಯ ಸೇರಿಸಿದರೆ ಎಷ್ಟು ಜನರ ದುಡ್ಡು ಉಳಿಯುತ್ತದೆ! ರೈಲೇ ರದ್ದಾದರೆ ಮೊಬೈಲ್ ಟಿಕೆಟ್‌ನ ದುಡ್ಡು ತಾನಾಗಿ ಬರುತ್ತದೆ, ಏನೂ ಹಾಕಬೇಕಿಲ್ಲ.

ಆಸ್ಪತ್ರೆಯವರು ಮುಂದಿನ ತಾರೀಖು ಕೊಟ್ಟಿದ್ದಾರೆ ಅಂತ ಕೊನೆಯಲ್ಲಿ ಬರೆದಿದ್ದೀರಿ, ಯಾವತ್ತು ಅಂತ ಬರೆದಿಲ್ಲ. ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ, ಬೆಳಗ್ಗೆ 8ಕ್ಕೆ. 2024ರ ನವೆಂಬರ್‌ಗೆ ಮುಂಚೆ 120 ದಿನ ಇತ್ತು, ಆ ಲೆಕ್ಕ ಬಿಡಿ. ನಿಮ್ಮ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿಲ್ಲದಿದ್ದರೆ ಇವತ್ತೇ ಜೋಡಿಸಿ. ಕೊನೇ ಗಳಿಗೆಯಲ್ಲಿ ತತ್ಕಾಲ್ ಬೇಕಾದರೆ 2025ರ ಜುಲೈ 1ರಿಂದ ಅದಿಲ್ಲದೆ ಆನ್‌ಲೈನ್‌ನಲ್ಲಿ ಸಿಗುವುದಿಲ್ಲ. ಸ್ಲೀಪರ್ ತತ್ಕಾಲ್ ಹಿಂದಿನ ದಿನ ಬೆಳಗ್ಗೆ 11ಕ್ಕೆ, ಎಸಿ 10ಕ್ಕೆ. ಅದು ಕನ್ಫರ್ಮ್ ಆದ ಮೇಲೆ ರದ್ದು ಮಾಡಿದರೆ ಒಂದು ಪೈಸೆಯೂ ಬರಲ್ಲ. ಯಾವುದೂ ಆಗದೆ ವೇಟಿಂಗ್ ಬಂದರೆ, ಆಸ್ಪತ್ರೆಯ ಚೀಟಿ ಹಿಡಿದು ರೈಲ್ವೆ ವಿಭಾಗದ ಕಚೇರಿಗೆ ಎಮರ್ಜೆನ್ಸಿ ಕೋಟಾಕ್ಕೆ ಅರ್ಜಿ ಕೊಡಿ. ಅದು ಬರೀ ಮಂತ್ರಿ, ಶಾಸಕರಿಗೆ ಅಂತ ಜನ ತಿಳಿದಿದ್ದಾರೆ. ಕಾಯಿಲೆಯ ಕಾರಣಕ್ಕೂ ಅದನ್ನು ಕೊಡುತ್ತಾರೆ, ಜಾಗ ಇದ್ದರೆ. ಪ್ರಯಾಣದ ಹಿಂದಿನ ದಿನವೇ ಅರ್ಜಿ ಅಲ್ಲಿ ತಲುಪಿರಲಿ.

ದಾರಿಯಲ್ಲಿ ಏನಾದರೂ ತೊಂದರೆಯಾದರೆ 139ಕ್ಕೆ ಫೋನ್ ಮಾಡಿ. ಹೋಗಿ ಬಂದ ಮೇಲೆ ಒಂದು ಸಾಲು ಬರೆಯಿರಿ, ಲೋವರ್ ಬರ್ತ್ ಸಿಕ್ಕಿತೋ ಇಲ್ಲವೋ ತಿಳಿಯಬೇಕು. ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ,
ಸಂಪಾದಕ